ತಲೆ ಇಲ್ಲದ ಜಿರಳೆ ಓಡುವುದು ಹೇಗೆ? ಹುಳುಗಳ ನರಕ್ಕೆ ಕಿವಿಗೊಟ್ಟ ಕೆನೆತ್ ರೋಡರ್ ಕಥೆ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ವಿಡಿಯೋ ಬಂದಿರಬಹುದು. ಅಡುಗೆಮನೆಯ ನೆಲದ ಮೇಲೆ ತಲೆ ಕಳೆದುಕೊಂಡ ಒಂದು ಜಿರಳೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತದೆ, ಇದ್ದಕ್ಕಿದ್ದಂತೆ ಒಂದಿಷ್ಟು ದೂರ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಕೆಳಗೆ ಬರಹ: ತಲೆ ಹೋದರೂ ಜಿರಳೆ ಒಂಬತ್ತು ದಿನ ಬದುಕುತ್ತದೆ, ಅದರ ಮಿದುಳು ಹೊಟ್ಟೆಯಲ್ಲಿದೆ, ಹತ್ತು ಜನಕ್ಕೆ ಕಳಿಸಿ.

ಇಷ್ಟೇ ಆಗಿದ್ದರೆ ನಗುವ ಇಮೋಜಿ ಹಾಕಿ ಮುಂದೆ ಹೋಗುತ್ತಿದ್ದೆವು. ಆದರೆ ಈಚೆಗೆ ಅದೇ ವಿಡಿಯೋ ಬೇರೊಂದು ಬರಹ ಹೊತ್ತು ನಮ್ಮ ಕೈಗೆ ಬಂತು. ತಲೆಯೇ ಇಲ್ಲದ ಹುಳ ಬದುಕಿರುವಾಗ, ಮಿದುಳು ಸತ್ತಿದೆ ಎಂದು ಹೇಳಿ ಮನುಷ್ಯನನ್ನು ಸತ್ತವನೆಂದು ಘೋಷಿಸುವ ಡಾಕ್ಟರುಗಳನ್ನು ನಂಬಬೇಡಿ, ಐಸಿಯುನಲ್ಲಿ ಕೈ ಅಲುಗಿದರೆ ಜೀವ ಇದೆ ಎಂದೇ ಅರ್ಥ, ಎಂಬ ಧಾಟಿಯ ಬರಹ. ಇಂಥ ಫಾರ್ವರ್ಡ್ ಯಾವುದೋ ಮನೆಯವರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿರುವಾಗಲೇ ತಲುಪಬಹುದು. ಅದಕ್ಕೇ ಈ ಸಲ ಫ್ಯಾಕ್ಟ್‌ಚೆಕ್ ಬದಲು ಒಬ್ಬ ಮನುಷ್ಯನ ಕಥೆ ಹೇಳುತ್ತೇವೆ. ತಲೆ ಇಲ್ಲದ ಹುಳದ ಒಳಗೆ ಏನು ನಡೆಯುತ್ತದೆ ಎಂದು ತಲೆ ಕೆಡಿಸಿಕೊಂಡು, ಸುಮಾರು 40 ವರ್ಷ ಅದರ ಹಿಂದೆ ಬಿದ್ದವರು ಅವರು. ಕೀಟವಿಜ್ಞಾನ ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು: ಕೆನೆತ್ ಡೇವಿಡ್ ರೋಡರ್.

ರೋಡರ್ ಹುಟ್ಟಿದ್ದು 1908ರಲ್ಲಿ, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಆಮೇಲೆ ಅಟ್ಲಾಂಟಿಕ್ ದಾಟಿ, 1931ರಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿರುವ ಟಫ್ಟ್ಸ್ ಕಾಲೇಜಿಗೆ ಮೇಷ್ಟರಾಗಿ ಸೇರಿದರು. ಅವರ ವೃತ್ತಿಜೀವನವೆಲ್ಲ ನಡೆದದ್ದು ಅಲ್ಲಿಯೇ. ಜಗತ್ತು ಆರ್ಥಿಕವಾಗಿ ಕುಸಿದಿದ್ದ ಕಾಲ. ಮ್ಯಾಂಟಿಸ್ ಹುಲ್ಲಿನಲ್ಲಿ ಪುಕ್ಕಟೆ ಸಿಗುತ್ತದೆ, ಜಿರಳೆಯನ್ನು ಡಬ್ಬಿಯಲ್ಲಿ ಸಾಕಬಹುದು. ಅಗ್ಗ ಎನ್ನುವುದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಹುಳದ ನರಮಂಡಲದಲ್ಲಿ ಕೋಶಗಳ ಸಂಖ್ಯೆ ಕಡಿಮೆ. ಮನುಷ್ಯನ ಮಿದುಳಿನಲ್ಲಿ ಸಾವಿರಾರು ಕೋಟಿ ನರಕೋಶಗಳು. ಹುಳದಲ್ಲಾದರೆ, ಅದೃಷ್ಟವಿದ್ದರೆ, ಒಂದೇ ಒಂದು ನರಕೋಶದ ಮಾತನ್ನು ಕೇಳಿ ಅದೇ ಹುಳದ ನಡತೆಯ ಜೊತೆ ತಾಳೆ ನೋಡಬಹುದು.

ಹುಳದ ಮಿದುಳು ಎಲ್ಲಿದೆ?

ಮೊದಲು ಫಾರ್ವರ್ಡಿನ ಒಂದು ತಪ್ಪು ಸರಿ ಮಾಡಿಬಿಡೋಣ. ಜಿರಳೆಯ ಮಿದುಳು ಹೊಟ್ಟೆಯಲ್ಲಿಲ್ಲ, ತಲೆಯಲ್ಲೇ ಇದೆ. ಆದರೆ ಅದೊಂದೇ ಇಲ್ಲ.

ನಮಗೆ ಬೆನ್ನಿನ ಉದ್ದಕ್ಕೂ ಬೆನ್ನುಹುರಿ ಇರುವ ಹಾಗೆ ಹುಳಕ್ಕೆ ಹೊಟ್ಟೆಯ ಕಡೆ, ಕೆಳಭಾಗದ ಉದ್ದಕ್ಕೂ, ಒಂದು ನರಹುರಿ ಇದೆ. ಹೂವಿನ ದಂಡೆಯಲ್ಲಿ ಅಲ್ಲಲ್ಲಿ ಗಂಟು ಬಿದ್ದ ಹಾಗೆ ಈ ಹುರಿಯಲ್ಲಿ ನರಕೋಶಗಳ ಗಂಟುಗಳಿವೆ. ಎದೆಭಾಗದಲ್ಲಿ ಮೂರು ಗಂಟು, ಒಂದೊಂದು ಜೊತೆ ಕಾಲಿಗೆ ಒಂದೊಂದು. ಹಿಂದೆ ಹೊಟ್ಟೆಯಲ್ಲಿ ಇನ್ನಷ್ಟು. ತಲೆಯೊಳಗೆ ಎರಡು: ಅನ್ನನಾಳದ ಮೇಲೆ ಒಂದು, ಅದೇ ಮಿದುಳು. ಅನ್ನನಾಳದ ಕೆಳಗೆ ಇನ್ನೊಂದು. ಇವುಗಳನ್ನು ಮೇಲಿನ ಗಂಟು, ಕೆಳಗಿನ ಗಂಟು ಎಂದು ಕರೆಯೋಣ. ಮುಂದಿನ ಕಥೆಗೆ ಈ ಎರಡು ನೆನಪಿದ್ದರೆ ಸಾಕು.

ಇವುಗಳ ನಡುವೆ ಸುದ್ದಿ ಸಾಗುವುದು ನರತಂತುಗಳಲ್ಲಿ. ಕರೆಂಟ್ ತಂತಿಯಲ್ಲಿ ಹರಿದ ಹಾಗೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಅದು ಅಷ್ಟು ಸರಿಯಲ್ಲ. ನರತಂತುವಿನ ಒಳಗೂ ಹೊರಗೂ ಉಪ್ಪಿನಂಶಗಳ ಪ್ರಮಾಣ ಬೇರೆ ಬೇರೆ. ಪೊರೆಯಲ್ಲಿ ಪುಟ್ಟ ಬಾಗಿಲುಗಳಿವೆ. ಒಂದು ಕಡೆ ಬಾಗಿಲು ತೆರೆದು ಸೋಡಿಯಂ ಒಳನುಗ್ಗಿದರೆ ಪಕ್ಕದ ಬಾಗಿಲೂ ತೆರೆಯುತ್ತದೆ, ಅದರ ಪಕ್ಕದ್ದೂ. ಹೀಗೆ ಒಂದು ಮಿಡಿತ ತಂತುವಿನ ಉದ್ದಕ್ಕೂ ಓಡುತ್ತದೆ. ಒಂದು ಜಾಗದಲ್ಲಿ ಮಿಡಿತ ಬಂದು ಹೋಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಮಿಡಿತದಲ್ಲಿ ಚಿಕ್ಕದು ದೊಡ್ಡದು ಎಂಬುದಿಲ್ಲ, ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲ. ಜೋರಾದ ಸುದ್ದಿ ಎಂದರೆ ಹೆಚ್ಚು ಮಿಡಿತ, ಅಷ್ಟೆ. ಈ ಮಿಡಿತಗಳನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟರೆ ಟಕ್ ಟಕ್ ಎಂದು ಕೇಳುತ್ತದೆ. ರೋಡರ್ ಅವರ ಜೀವನದ ಬಹುಪಾಲು ಕಳೆದದ್ದು ಈ ಟಕ್ ಟಕ್ ಕೇಳುವುದರಲ್ಲಿ.

ತಂತುವಿನ ತುದಿಯಲ್ಲಿ ಒಂದು ಸಣ್ಣ ಸಂದು. ಅಲ್ಲಿ ಸುದ್ದಿ ರಾಸಾಯನಿಕವಾಗಿ ದಾಟುತ್ತದೆ. ಆ ರಾಸಾಯನಿಕ ಮುಂದಿನ ಕೋಶವನ್ನು ಏಳು ಎಂದು ಎಬ್ಬಿಸಬಹುದು, ಸುಮ್ಮನಿರು ಎಂದು ತಡೆಯಲೂಬಹುದು. ಈ ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ರೋಡರ್ ಮೊದಲು ಎಡವಿದ್ದೂ ಅಲ್ಲಿಯೇ, ಹೆಸರು ಮಾಡಿದ್ದೂ ಅಲ್ಲಿಯೇ.

ತಲೆ ತಿನ್ನುವ ಹೆಣ್ಣು, ನಿಲ್ಲದ ಗಂಡು

ಮ್ಯಾಂಟಿಸ್ ನೀವು ನೋಡಿರುತ್ತೀರಿ. ಮುಂಗಾಲು ಮಡಚಿ ಕೈಮುಗಿದು ನಿಂತಂತೆ ಕಾಣುವ ಹಸಿರು ಹುಳ. ಹೆಣ್ಣು ಮ್ಯಾಂಟಿಸ್ ಕೆಲವೊಮ್ಮೆ ಕೂಡಲು ಬಂದ ಗಂಡನ್ನೇ ಹಿಡಿದು ತಲೆಯಿಂದ ತಿನ್ನಲು ಶುರು ಮಾಡುತ್ತದೆ. ತಲೆ ಹೋದ ಗಂಡು ಆದರೂ ಕೂಡುವುದನ್ನು ನಿಲ್ಲಿಸುವುದಿಲ್ಲ. ಇದು ಫ್ರಾನ್ಸಿನ ಫಾಬ್ರ್ ಅಂಥವರ ಬರಹಗಳಿಂದ ಆಗಲೇ ಪ್ರಸಿದ್ಧವಾಗಿದ್ದ ಸಂಗತಿ. ಓದಿದವರು ಅಬ್ಬಾ ಎನ್ನುತ್ತಿದ್ದರು, ಪುಟ ತಿರುಗಿಸುತ್ತಿದ್ದರು.

ರೋಡರ್ ಪುಟ ತಿರುಗಿಸಲಿಲ್ಲ. ಮಿದುಳು ಆಜ್ಞೆ ಕೊಡುವ ಯಜಮಾನ, ಮೈ ಅದನ್ನು ಪಾಲಿಸುವ ಆಳು ಎಂದಾದರೆ, ಯಜಮಾನ ಹೋದ ಮೇಲೆ ಆಳು ಕೈಕಟ್ಟಿ ಕೂರಬೇಕು. ಇಲ್ಲಿ ತದ್ವಿರುದ್ಧ. ತಲೆ ಇರುವ ಗಂಡು ಹೆಣ್ಣಿನ ಹತ್ತಿರ ಬರಲು ಹೆದರಿ ಹೆದರಿ ಹೆಜ್ಜೆ ಇಡುತ್ತದೆ, ಎಷ್ಟೋ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ತಲೆ ಹೋದ ಗಂಡಿಗೆ ಆ ಹಿಂಜರಿಕೆಯೇ ಇಲ್ಲ.

ಅವರು ಒಂದೊಂದೇ ಗಂಟನ್ನು ತೆಗೆದು ನೋಡುತ್ತ ಹೋದರು. ಅಕ್ಕಿಕಾಳಿಗಿಂತ ಚಿಕ್ಕ ಜಾಗದಲ್ಲಿ ಮಾಡುವ ಶಸ್ತ್ರಚಿಕಿತ್ಸೆ ಅದು. ಮೇಲಿನ ಗಂಟು, ಅಂದರೆ ಮಿದುಳು, ತೆಗೆದರೆ ಮ್ಯಾಂಟಿಸ್‌ಗೆ ಸುಮ್ಮನೆ ನಿಲ್ಲುವುದೇ ಸಾಧ್ಯವಿಲ್ಲ, ನಡೆಯುತ್ತಲೇ ಇರುತ್ತದೆ. ಮಿದುಳಿನ ಒಂದು ಅರ್ಧವನ್ನಷ್ಟೇ ತೆಗೆದರೆ ಸುತ್ತು ಹೊಡೆಯುತ್ತದೆ. ಕೆಳಗಿನ ಗಂಟೂ ಹೋದರೆ, ಅಂದರೆ ತಲೆ ಪೂರ್ತಿ ಹೋದರೆ, ಮುಂದಕ್ಕೆ ನಡೆಯುವುದು ನಿಲ್ಲುತ್ತದೆ. ಗಂಡಾದರೆ ಮೈ ಅಡ್ಡಡ್ಡವಾಗಿ ಸುತ್ತತೊಡಗುತ್ತದೆ, ಹೊಟ್ಟೆಯ ತುದಿ ಕೂಡುವ ಚಲನೆಯನ್ನು ಬಿಡದೆ ಮಾಡುತ್ತದೆ. ಹೆಣ್ಣಿನ ಹಿಡಿತದಲ್ಲಿರುವಾಗ ಹೀಗೆ ಸುತ್ತಿದರೆ ಗಂಡಿನ ಮೈ ಹೆಣ್ಣಿನ ಬೆನ್ನಿನ ಮೇಲೆ ಬಂದು ಸೇರುತ್ತದೆ. ತಲೆ ಹೋಗಿದೆ, ವಂಶ ಉಳಿಯಿತು.

1935ರಲ್ಲಿ ಈ ಕೆಲಸ ಪ್ರಕಟವಾದಾಗ ರೋಡರ್‌ಗೆ 27 ವರ್ಷ. (ಈ ಲೇಖನ ಬರೆಯುತ್ತಿರುವ ನಮ್ಮ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಆ ಲೆಕ್ಕ ಮುಂದುವರಿಸುವುದು ಬೇಡ.) ಅವರು ಕಂಡುಕೊಂಡದ್ದು ಇದು: ನಡೆಯುವುದು ಹೇಗೆ, ಕೂಡುವುದು ಹೇಗೆ ಎಂಬ ತಾಳ ಎದೆ ಮತ್ತು ಹೊಟ್ಟೆಯ ಗಂಟುಗಳಲ್ಲೇ ಇದೆ. ತಲೆಯಿಂದ ಇಳಿದು ಬರುವ ಸುದ್ದಿಯ ದೊಡ್ಡ ಭಾಗ ಮಾಡು ಎಂಬ ಆಜ್ಞೆಯೇ ಅಲ್ಲ, ಈಗ ಬೇಡ ಎಂಬ ತಡೆ. ಗಾಡಿ ಎತ್ತಿಗೆ ಕಾಲು ಎತ್ತಿಡುವುದನ್ನು ಯಾರೂ ಕಲಿಸುವುದಿಲ್ಲ. ಗಾಡಿ ಹೊಡೆಯುವವನ ಕೈಯಲ್ಲಿರುವುದು ಮೂಗುದಾರ. ಮ್ಯಾಂಟಿಸ್ ಮಿದುಳಿನ ಕೈಯಲ್ಲಿಯೂ ಬಹುಪಾಲು ಮೂಗುದಾರವೇ ಇದೆ. ಕೋಟಿ ವರ್ಷಗಳ ಲೆಕ್ಕದಲ್ಲಿ ನೋಡಿದರೆ ಇದು ಜಾಣತನ. ಹಸಿದ ಹೆಣ್ಣಿನ ಮುಂದೆ ಅಲ್ಲಾಡದೆ ನಿಲ್ಲಬಲ್ಲ ಗಂಡೇ ಬದುಕುವುದು.

ಇದು ಬರೀ ಹೊರಗಿನಿಂದ ನೋಡಿ ಮಾಡಿದ ಊಹೆ ಎನ್ನುವವರಿಗೆ ಉತ್ತರ ಕೊಡಲು ರೋಡರ್ 25 ವರ್ಷ ತೆಗೆದುಕೊಂಡರು. ಅಷ್ಟರಲ್ಲಿ ಯಂತ್ರಗಳು ಸುಧಾರಿಸಿದ್ದವು. 1960ರಲ್ಲಿ ಅವರು ಮತ್ತು ಜೊತೆಗಾರರು ಗಂಡು ಮ್ಯಾಂಟಿಸ್ ಹಾಗೂ ಗಂಡು ಜಿರಳೆಯ ಕೊನೆಯ ಗಂಟಿನಿಂದ ಹೊರಡುವ ನರಕ್ಕೆ ತಂತಿ ಹಚ್ಚಿ ಕೇಳಿದರು. ಮುಂದಿನ ನರಹುರಿ ಸರಿ ಇರುವಾಗ ಅಲ್ಲೊಂದು ಇಲ್ಲೊಂದು ಮಿಡಿತ. ಹುರಿಯನ್ನು ಕತ್ತರಿಸಿ ತಲೆಯ ಸಂಪರ್ಕ ತಪ್ಪಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಮಿಡಿತಗಳ ಸುರಿಮಳೆ ಶುರುವಾಗಿ ಗಂಟೆಗಟ್ಟಲೆ ನಡೆಯಿತು. ತಡೆ ಎಂಬುದು ಮಾತಿನ ಅಲಂಕಾರವಾಗಿ ಉಳಿಯಲಿಲ್ಲ, ಕಿವಿಗೆ ಕೇಳುವ ವಸ್ತುವಾಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ಇದರ ಮೇಲೂ ಫಾರ್ವರ್ಡ್ ಇದೆ. ಹೆಣ್ಣು ಮ್ಯಾಂಟಿಸ್ ಪ್ರತಿ ಸಲವೂ ಗಂಡನ್ನು ತಿನ್ನುತ್ತದೆ, ತಲೆ ಹೋಗದೆ ಗಂಡಿಗೆ ಕೂಡಲು ಆಗುವುದೇ ಇಲ್ಲ ಎಂಬುದು ಸುಳ್ಳು. ರೋಡರ್ ಹಾಗೆ ಹೇಳಿರಲೂ ಇಲ್ಲ. 1980ರ ದಶಕದಲ್ಲಿ ಹೊಟ್ಟೆ ತುಂಬಿದ ಹೆಣ್ಣುಗಳನ್ನು ಬಿಟ್ಟು ಕ್ಯಾಮೆರಾದಲ್ಲಿ ಗಮನಿಸಿದಾಗ ಗಂಡುಗಳು ಕೂಡಿ, ತಲೆ ಉಳಿಸಿಕೊಂಡೇ ಹೋದವು. ಹಸಿದಿದ್ದರೆ ಕಥೆ ಬೇರೆ.

ಜಿರಳೆ ಯಾಕೆ ಮಲಗಿ ಒದ್ದಾಡುತ್ತದೆ

ಎರಡನೇ ಮಹಾಯುದ್ಧದ ಹೊತ್ತಿಗೆ ಡಿಡಿಟಿ ಬಂತು. ಮಲೇರಿಯಾ, ಟೈಫಸ್ ಹರಡುವ ಹುಳುಗಳನ್ನು ಸಾಯಿಸುವ ಪವಾಡದ ಪುಡಿ ಎಂದೇ ಅದನ್ನು ನೋಡಿದರು. ಆದರೆ ಅದು ಹೇಗೆ ಕೊಲ್ಲುತ್ತದೆ ಎಂದು ಸ್ಪಷ್ಟವಿರಲಿಲ್ಲ. ರೋಡರ್ ಮತ್ತು ಅವರ ಸಹೋದ್ಯೋಗಿ ವೈಯಂಟ್ ಜಿರಳೆಯ ಕಾಲನ್ನು ಹಿಡಿದು ಕೂತರು. ಡಿಡಿಟಿ ತಗುಲಿದ ಕಾಲು ನಡುಗುತ್ತದೆ. ಆದರೆ ಕಾಲಿಗೂ ಎದೆಯ ಗಂಟಿಗೂ ನಡುವಿನ ನರ ಕತ್ತರಿಸಿದರೆ ನಡುಕ ನಿಲ್ಲುತ್ತದೆ. ಹಾಗಿದ್ದರೆ ವಿಷದ ಮೊದಲ ಏಟು ಬೀಳುವುದು ಸ್ನಾಯುವಿಗೂ ಅಲ್ಲ, ಸ್ನಾಯುವಿಗೆ ಹೋಗುವ ನರಕ್ಕೂ ಅಲ್ಲ. ಕಾಲಿನ ಮೇಲೆ ಭಾರ ಬಿದ್ದಾಗ ಸುದ್ದಿ ಕೊಡುವ ಸಂವೇದನೆಯ ನರಕೋಶಗಳಿಗೆ. ಒಂದು ಮಿಡಿತ ಕೊಡಬೇಕಾದಲ್ಲಿ ಅವು ಮಿಡಿತಗಳ ಸರಮಾಲೆಯನ್ನೇ ಕಳಿಸುತ್ತವೆ. ಎದೆಯ ಗಂಟು ಆ ಸುಳ್ಳು ಸುದ್ದಿಯನ್ನು ನಂಬಿ ಕಾಲನ್ನು ಕುಣಿಸುತ್ತದೆ. 1946ರಲ್ಲಿ ಈ ಫಲಿತಾಂಶ ಹೊರಬಂತು.

ಆಮೇಲಿನ ದಶಕಗಳಲ್ಲಿ ಕಾರಣ ಇನ್ನೂ ಆಳದಲ್ಲಿ ಸಿಕ್ಕಿತು: ಮೇಲೆ ಹೇಳಿದ ಸೋಡಿಯಂ ಬಾಗಿಲು ಮುಚ್ಚದ ಹಾಗೆ ಡಿಡಿಟಿ ಅಡ್ಡಗಾಲು ಹಾಕುತ್ತದೆ. ಇಂದು ನಮ್ಮ ಮನೆಗಳಲ್ಲಿ ಬಳಸುವ ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳೂ ಅದೇ ಬಾಗಿಲಿಗೆ ಕೈ ಹಾಕುತ್ತವೆ. ಸ್ಪ್ರೇ ಹೊಡೆದ ಮೇಲೆ ಜಿರಳೆ ಅಂಗಾತ ಬಿದ್ದು ಕಾಲು ಕುಣಿಸುವುದನ್ನು ನೋಡಿದ್ದೀರಲ್ಲ, ಅದು ನರಗಳು ಸುಮ್ಮನಾಗಲಾರದೆ ಒದ್ದಾಡುತ್ತಿರುವುದು. ಬಾಗಿಲು ತೆರೆದೇ ಉಳಿದರೂ ಸಾವು, ಮುಚ್ಚಿಯೇ ಉಳಿದರೂ ಸಾವು.

ಚಪ್ಪಲಿ ಎತ್ತುವ ಮುಂಚೆಯೇ

ಜಿರಳೆಯ ವಿಷಯಕ್ಕೆ ಬಂದ ಮೇಲೆ ಎಲ್ಲರ ಮನೆಯ ಪ್ರಶ್ನೆಗೂ ಉತ್ತರ ಹೇಳಬೇಕು. ಚಪ್ಪಲಿ ಎತ್ತಿ ಹೊಡೆಯುವಷ್ಟರಲ್ಲಿ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಜಿರಳೆಯ ಹಿಂಭಾಗದಲ್ಲಿ ಎರಡು ಪುಟ್ಟ ಕೊಂಬಿನಂಥ ಅಂಗಗಳಿವೆ, ಅವುಗಳ ಮೇಲೆ ಬಲು ನವಿರಾದ ಕೂದಲು. ಚಪ್ಪಲಿ ಬೀಸಿದಾಗ ಅದರ ಮುಂದೆ ತಳ್ಳಿಕೊಂಡು ಬರುವ ಗಾಳಿ ಚಪ್ಪಲಿಗಿಂತ ಮೊದಲು ಅಲ್ಲಿಗೆ ತಲುಪಿ ಕೂದಲನ್ನು ಅಲುಗಿಸುತ್ತದೆ. ಪ್ರತಿ ಕೂದಲ ಬುಡದಲ್ಲೂ ಒಂದು ನರಕೋಶ. ಅದರ ಮಿಡಿತ ಹೊಟ್ಟೆಯ ಕೊನೆಯ ಗಂಟಿಗೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಕೆಲವು ದಪ್ಪ ನರತಂತುಗಳು ನೇರ ಎದೆಯತ್ತ ಓಡುತ್ತವೆ. ತಂತು ದಪ್ಪವಾದಷ್ಟೂ ಮಿಡಿತ ವೇಗ. ಜಿರಳೆಯ ದಪ್ಪ ತಂತುಗಳಲ್ಲಿ ಅದು ಸೆಕೆಂಡಿಗೆ ಹಲವು ಮೀಟರ್ ಸಾಗುತ್ತದೆ. ಜಿರಳೆಯ ಉದ್ದ ನಾಲ್ಕೇ ಸೆಂಟಿಮೀಟರ್, ಲೆಕ್ಕ ನೀವೇ ಹಾಕಿ. ಎದೆಯ ಗಂಟುಗಳಲ್ಲಿ ಸುದ್ದಿ ಕಾಲಿನ ನರಕೋಶಗಳಿಗೆ ದಾಟುತ್ತದೆ, ಕಾಲು ಚಿಮ್ಮುತ್ತದೆ.

1940ರ ದಶಕದಲ್ಲಿ ರೋಡರ್ ಈ ದಾರಿಯ ಒಂದೊಂದು ಹಂತಕ್ಕೂ ಎಷ್ಟು ಹೊತ್ತು ಬೇಕು ಎಂದು ಅಳೆದರು. ಗಾಳಿ ತಾಕಿದ ಕ್ಷಣದಿಂದ ಓಟದ ತನಕ ಒಟ್ಟು ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆಶ್ಚರ್ಯವೆಂದರೆ ದಪ್ಪ ತಂತುವಿನ ಹೈವೇಯಲ್ಲಿ ಸುದ್ದಿ ಕಳೆಯುವ ಸಮಯ ಅದರಲ್ಲಿ ಸಣ್ಣ ಪಾಲು. ತಡವಾಗುವುದು ಗಂಟುಗಳಲ್ಲಿ, ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವ ಸಂದುಗಳಲ್ಲಿ. ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ದಾರಿಯಲ್ಲಿ ತಲೆ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿದಿರಾ? ಹಿಂಭಾಗದಿಂದ ಎದೆಗೆ, ಎದೆಯಿಂದ ಕಾಲಿಗೆ. ಮಿದುಳಿಗೂ ಸುದ್ದಿ ಹೋಗುತ್ತದೆ, ಆದರೆ ಮೊದಲ ಹೆಜ್ಜೆ ಅದರ ಒಪ್ಪಿಗೆಗೆ ಕಾಯುವುದಿಲ್ಲ.

ಹಿತ್ತಲಲ್ಲಿ ಬಾವಲಿ, ಕೈಯಲ್ಲಿ ಬೀಗದ ಕೈ

1950ರ ದಶಕದಲ್ಲಿ ರೋಡರ್ ಪತಂಗಗಳ ಕಡೆ ತಿರುಗಿದರು. ಅವರ ಜೊತೆ ಸೇರಿದ್ದು ಆಶರ್ ಟ್ರೀಟ್ ಎಂಬ ಇನ್ನೊಬ್ಬ ಮೇಷ್ಟರು. ಟ್ರೀಟ್ ಅವರ ಹುಚ್ಚು ಇನ್ನೂ ವಿಚಿತ್ರ: ಪತಂಗದ ಕಿವಿಯಲ್ಲಿ ಮನೆ ಮಾಡುವ ಉಣ್ಣೆಯಂಥ ಸಣ್ಣ ಜೀವಿಗಳು. ಅವು ಪತಂಗದ ಒಂದು ಕಿವಿಯನ್ನು ಮಾತ್ರ ಹಾಳು ಮಾಡುತ್ತವೆ, ಇನ್ನೊಂದನ್ನು ಮುಟ್ಟುವುದಿಲ್ಲ. ಎರಡೂ ಕಿವುಡಾದರೆ ಪತಂಗ ಬಾವಲಿಯ ಬಾಯಿಗೆ, ಅದರ ಜೊತೆ ಬಾಡಿಗೆದಾರರೂ.

ಬಾವಲಿ ನಮಗೆ ಕೇಳಿಸದ ಕೀರಲು ಶಬ್ದ ಮಾಡಿ ಅದರ ಪ್ರತಿಧ್ವನಿಯಿಂದ ಬೇಟೆ ಹುಡುಕುತ್ತದೆ. ಪತಂಗದ ಎದೆಯ ಎರಡೂ ಬದಿಯಲ್ಲಿ ಒಂದೊಂದು ಕಿವಿ. ಒಂದು ಕಿವಿಯಲ್ಲಿ ಶಬ್ದ ಕೇಳುವ ನರಕೋಶ ಎಷ್ಟು ಗೊತ್ತೆ? ಎರಡು. ಒಂದು ಸೂಕ್ಷ್ಮ, ದೂರದ ಬಾವಲಿಯೂ ಅದಕ್ಕೆ ಕೇಳುತ್ತದೆ. ಇನ್ನೊಂದು ಮಂದ, ಶಬ್ದ ಬಹಳ ಜೋರಾದರೆ ಮಾತ್ರ ಏಳುತ್ತದೆ. ಒಂದೊಂದೇ ನರಕೋಶದ ಮಾತು ಕೇಳಬೇಕು ಎಂದು ಹೊರಟಿದ್ದ ರೋಡರ್‌ಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಸಿಗುವುದು ಸಾಧ್ಯವಿರಲಿಲ್ಲ. ಅವರಿಬ್ಬರೂ ಪ್ರಯೋಗಶಾಲೆಯ ಯಂತ್ರಗಳನ್ನು ಹೊರಗೆ ಹೊತ್ತು ತಂದು, ಸಂಜೆಗತ್ತಲಲ್ಲಿ ಪತಂಗದ ಕಿವಿನರಕ್ಕೆ ತಂತಿ ಸಿಕ್ಕಿಸಿ, ನಿಜವಾದ ಬಾವಲಿಗಳಿಗೆ ಕಾದು ಕೂತರು. ಬಾವಲಿ ಕಣ್ಣಿಗೆ ಕಾಣುವ ಮೊದಲೇ ಪತಂಗದ ನರ ಸ್ಪೀಕರಿನಲ್ಲಿ ಟಕ್ ಟಕ್ ಎಂದು ಸುದ್ದಿ ಕೊಡುತ್ತಿತ್ತು.

ಹಾರಾಡುವ ಪತಂಗ ಈ ಸುದ್ದಿಯನ್ನು ಹೇಗೆ ಬಳಸುತ್ತದೆ ಎಂದು ನೋಡಲು ಒಂದು ಕಂಬದ ಮೇಲೆ ಕೃತಕವಾಗಿ ಬಾವಲಿ ಶಬ್ದ ಹೊರಡಿಸುವ ಸಾಧನ ನಿಲ್ಲಿಸಿ, ದೀಪದ ಬೆಳಕಿನಲ್ಲಿ ಹಾರುವ ಪತಂಗಗಳ ಜಾಡನ್ನು ಫೋಟೋ ತೆಗೆದರು. ಶಬ್ದ ಮೆಲ್ಲಗಿದ್ದರೆ, ಅಂದರೆ ಬಾವಲಿ ದೂರವಿದ್ದರೆ, ಪತಂಗ ತಿರುಗಿ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಶಬ್ದ ಜೋರಾದರೆ ದಿಕ್ಕಿನ ಗೊಡವೆ ಇಲ್ಲ: ಸುತ್ತುತ್ತದೆ, ಲಗಾಟಿ ಹೊಡೆಯುತ್ತದೆ, ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತದೆ. ಬಾವಲಿ ಮತ್ತು ಪತಂಗಗಳ 402 ಮುಖಾಮುಖಿಗಳನ್ನು ನೋಡಿ ಅವರು ಲೆಕ್ಕವನ್ನೂ ಹಾಕಿದರು. ತಪ್ಪಿಸಿಕೊಳ್ಳಲು ಯತ್ನಿಸಿದ ಪತಂಗಗಳಲ್ಲಿ 100 ಉಳಿದರೆ, ಯತ್ನಿಸದವುಗಳಲ್ಲಿ 60 ಮಾತ್ರ ಉಳಿಯುತ್ತವೆ. ಎರಡು ಜೊತೆ ನರಕೋಶಗಳ ಬೆಲೆ ಅದು.

ಬಾವಲಿಯ ಯಂತ್ರ ಇಲ್ಲದೆಯೂ ಇದನ್ನು ತೋರಿಸುವ ಸುಲಭ ಉಪಾಯ ಬೀಗದ ಕೈ ಗೊಂಚಲು. ಗೊಂಚಲನ್ನು ಅಲ್ಲಾಡಿಸಿದಾಗ ನಮಗೆ ಕೇಳುವ ಝಣಝಣದ ಜೊತೆ ನಮಗೆ ಕೇಳದ ಕೀರಲು ಶಬ್ದವೂ ಹೊರಡುತ್ತದೆ. ಮಳೆಗಾಲದ ರಾತ್ರಿ ದೀಪದ ಸುತ್ತ ಪತಂಗ ಬಂದಾಗ ನೀವೂ ಮಾಡಿ ನೋಡಿ. ಎಲ್ಲ ಪತಂಗಕ್ಕೂ ಕಿವಿ ಇರುವುದಿಲ್ಲ, ಇದ್ದದ್ದು ಥಟ್ಟನೆ ಕೆಳಗೆ ಬೀಳುತ್ತದೆ.

1953ರಲ್ಲಿ ರೋಡರ್ ಸಂಪಾದಿಸಿದ ಕೀಟ ಶರೀರಶಾಸ್ತ್ರದ ದಪ್ಪ ಗ್ರಂಥ ಬಂತು. 1963ರಲ್ಲಿ ನರಕೋಶ ಮತ್ತು ಕೀಟಗಳ ನಡತೆಯ ಬಗ್ಗೆ ಅವರೇ ಬರೆದ ತೆಳ್ಳನೆಯ ಪುಸ್ತಕ ಬಂತು. ನಮಗೆ ಇಷ್ಟವಾಗುವುದು ಎರಡನೆಯದು. ಪ್ರಾಣಿಗಳ ನಡತೆಯನ್ನು ನರಕೋಶದ ಮಟ್ಟದಲ್ಲಿ ಹುಡುಕುವ ಒಂದು ಇಡೀ ಶಾಸ್ತ್ರಕ್ಕೆ ದಾರಿ ತೋರಿದ ಪುಸ್ತಕ ಅದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1979ರಲ್ಲಿ ತೀರಿಕೊಂಡರು.

ಅವರು ಹೇಳಿದ್ದೆಲ್ಲ ಹಾಗೇ ಉಳಿದಿದೆಯೆ? ಇಲ್ಲ. ಮಿದುಳು ಬರೀ ಮೂಗುದಾರವಲ್ಲ ಎಂದು ಈಗ ಗೊತ್ತು. ನಮ್ಮ ದೇಶದಲ್ಲೂ ಇರುವ ಪಚ್ಚೆ ಬಣ್ಣದ ಒಂದು ಕಣಜ ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸುತ್ತದೆ. ಅದು ಜಿರಳೆಯ ಎದೆಗೊಮ್ಮೆ ಚುಚ್ಚಿ, ಆಮೇಲೆ ತಲೆಗೆ, ಸರಿಯಾಗಿ ಆ ಎರಡು ಗಂಟುಗಳಿಗೆ, ವಿಷ ಇಳಿಸುತ್ತದೆ. ಜಿರಳೆಗೆ ಲಕ್ವಾ ಹೊಡೆಯುವುದಿಲ್ಲ. ಕಾಲು ಸರಿ ಇದೆ, ನಿಲ್ಲಬಲ್ಲದು, ಆದರೆ ತಾನಾಗಿ ಹೊರಡಬೇಕೆಂದು ಅನಿಸುವುದಿಲ್ಲ. ಕಣಜ ಅದರ ಮೀಸೆ ಹಿಡಿದು ಎಳೆದರೆ ಕರುವಿನ ಹಾಗೆ ಹಿಂದೆ ನಡೆಯುತ್ತದೆ. ತಡೆಯುವುದರ ಜೊತೆಗೆ ಹೊರಡಿಸುವುದೂ ತಲೆಯ ಕೆಲಸ.

2024ರಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಪೂರ್ತಿಯಾಯಿತು, ಸುಮಾರು 1,39,000 ನರಕೋಶಗಳು, ಒಂದೊಂದರ ಸಂಪರ್ಕದ ಸಮೇತ. ಅಷ್ಟರಲ್ಲಿ ಕತ್ತಿನ ಮೂಲಕ ಇಳಿದು ಮೈಗೆ ಸುದ್ದಿ ಒಯ್ಯುವ ನರಕೋಶಗಳು ಸುಮಾರು 1,300 ಮಾತ್ರ. ನಡೆ, ನಿಲ್ಲು, ಹಾರು, ತಿರುಗು, ಮೈ ಉಜ್ಜಿಕೋ, ಎಲ್ಲವೂ ಈ ಕಿರಿದಾದ ಸೇತುವೆಯ ಮೇಲೇ ಸಾಗಬೇಕು. ಒಂದೊಂದು ಕಾಲಿನ ಒಂದೊಂದು ಸ್ನಾಯುವಿನ ವಿವರ ಇಷ್ಟು ಕಡಿಮೆ ತಂತುಗಳಲ್ಲಿ ಹಿಡಿಸದು. ವಿವರ ಕೆಳಗಿನ ಗಂಟುಗಳಿಗೇ ಬಿಟ್ಟದ್ದು. ರೋಡರ್ ಚಾಕು ಹಿಡಿದು ಊಹಿಸಿದ್ದರ ಆ ಭಾಗ ಗಟ್ಟಿಯಾಗಿಯೇ ನಿಂತಿದೆ.

ಮತ್ತೆ ಆ ವಿಡಿಯೋಗೆ

ತಲೆ ಇಲ್ಲದ ಜಿರಳೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಉಳಿಯುವುದು ನಿಜ. ಅದು ಮೂಗಿನಲ್ಲಿ ಉಸಿರಾಡುವುದಿಲ್ಲ, ಮೈಯ ಪಕ್ಕದ ಸಣ್ಣ ರಂಧ್ರಗಳಲ್ಲಿ ಉಸಿರಾಡುತ್ತದೆ, ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ರಕ್ತ ನಮ್ಮಂತೆ ಒತ್ತಡದಲ್ಲಿ ಚಿಮ್ಮುವುದಿಲ್ಲ, ಗಾಯ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಊಟವಿಲ್ಲದೆ ಬಹಳ ದಿನ ತಡೆಯಬಲ್ಲದು. ಕೊನೆಗೆ ನೀರಿಲ್ಲದೆ ಒಣಗಿಯೋ ಬೂಷ್ಟು ಹಿಡಿದೋ ಸಾಯುತ್ತದೆ. 1962ರಲ್ಲಿ ಹಾರಿಡ್ಜ್ ಎಂಬ ವಿಜ್ಞಾನಿ ತಲೆ ಇಲ್ಲದ ಹುಳುಗಳೂ ಕಾಲನ್ನು ಎಲ್ಲಿಟ್ಟರೆ ಶಾಕ್ ಹೊಡೆಯುವುದಿಲ್ಲ ಎಂದು ಕಲಿಯಬಲ್ಲವು ಎಂದು ತೋರಿಸಿದರು.

ಮನುಷ್ಯನ ಮೈ ಹೀಗೆ ಕಟ್ಟಿದ್ದಲ್ಲ. ನಮ್ಮ ಪ್ರತಿ ಉಸಿರಿನ ಆಜ್ಞೆ ಹೊರಡುವುದು ಮಿದುಳಕಾಂಡದಿಂದ. ಅದು ಪೂರ್ತಿ ಸತ್ತರೆ ಉಸಿರು ತಾನಾಗಿ ಮತ್ತೆ ಬರುವುದಿಲ್ಲ. ವೆಂಟಿಲೇಟರ್ ಗಾಳಿ ತುಂಬುತ್ತಿರುವಷ್ಟು ಹೊತ್ತು ಹೃದಯ ತನ್ನದೇ ತಾಳದಲ್ಲಿ ಬಡಿಯಬಹುದು, ಮೈ ಬೆಚ್ಚಗಿರಬಹುದು. ಬೆನ್ನುಹುರಿ ಇನ್ನೂ ಬದುಕಿದ್ದರೆ ಬೆರಳು ಅಲುಗಬಹುದು, ಅಪರೂಪಕ್ಕೆ ಕೈ ಎದ್ದು ಎದೆಯ ಕಡೆ ಬರಬಹುದು. ಅದನ್ನು ಕಂಡ ಮನೆಯವರ ಎದೆ ಝಲ್ಲೆನ್ನುವುದು ಸಹಜ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಆ ಚಲನೆ ಬೆನ್ನುಹುರಿಯದು, ಮಿದುಳಿನದಲ್ಲ. ಅಂಗದಾನದ ಸಂದರ್ಭದಲ್ಲಿ ಮಿದುಳು ಸತ್ತಿದೆ ಎಂದು ಘೋಷಿಸಲು ನಮ್ಮ ದೇಶದ 1994ರ ಕಾನೂನು ನಾಲ್ವರು ವೈದ್ಯರ ಮಂಡಳಿ ಬೇಕು ಎನ್ನುತ್ತದೆ. ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ನಡೆಯಬೇಕು. ವೆಂಟಿಲೇಟರ್ ಸಂಪರ್ಕ ತಪ್ಪಿಸಿ ಉಸಿರಿನ ಒಂದು ಯತ್ನವಾದರೂ ಇದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ. ಅನುಮಾನವಿದ್ದರೆ ಆ ಪರೀಕ್ಷೆಗಳನ್ನು ವಿವರಿಸಿ ಎಂದು ಡಾಕ್ಟರನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ.

ಆ ವಿಡಿಯೋವನ್ನು ನಾವು ಹತ್ತಾರು ಸಲ ನಿಧಾನಗತಿಯಲ್ಲಿ ನೋಡಿದೆವು. ಜಿರಳೆ ಮೂರು ಸಲ ಓಡುತ್ತದೆ. ಮೂರೂ ಸಲ, ಓಡುವ ಮುಂಚಿನ ಕ್ಷಣದಲ್ಲಿ, ಚೌಕಟ್ಟಿನ ಎಡಮೂಲೆಯಿಂದ ಒಂದು ಪೊರಕೆ ಕಡ್ಡಿ ಬಂದು ಅದರ ಹಿಂಭಾಗದ ಆ ಎರಡು ಕೊಂಬುಗಳನ್ನು ಮುಟ್ಟುತ್ತದೆ. ಕಡ್ಡಿ ಬರದಿದ್ದ ಹೊತ್ತೆಲ್ಲ ಅದು ನಿಂತಲ್ಲೇ ನಿಂತಿದೆ.